ಒಂದೇ ಕಡೆ ಏಳು ಚುಕ್ಕೆ

9 ಜನವರಿ 2007, ಮಂಗಳವಾರ. ಫರೀದಾಬಾದ್

ಕಾರ್ಖಾನೆಯಿಂದ ತಂದ ಗ್ರಾಫ್ ಪುಸ್ತಕವೊಂದು ಮನೆಯಲ್ಲಿ ಬಿದ್ದಿತ್ತು, ಜೊತೆಗೆ ಈ ಡೈರಿ. ಎರಡನ್ನೂ ಇವತ್ತು ಶುರು ಮಾಡಿದ್ದೇನೆ. ಗ್ರಾಫ್ ಪುಸ್ತಕ ರತ್ನಾಳ ಕೈಗೆ, ಡೈರಿ ನನ್ನ ತಲೆಗೆ. ಯಾರ ಹತ್ತಿರವೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ನವೆಂಬರ್ ಇಪ್ಪತ್ತರಂದು ಹೆಂಡತಿಗೆ ಲಕ್ವ ಹೊಡೆಯಿತು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತಂತೆ, ಬಲಗಡೆ ಬಿದ್ದುಹೋಯಿತು. ಕಾಲು ತಕ್ಕಮಟ್ಟಿಗೆ ಬಂದಿದೆ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ. ಮಾತು ನಿಧಾನ, ಆದರೆ ಅದರ ಮೊನಚು ಮೊಂಡಾಗಿಲ್ಲ. ಕೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಮೊದಲ ಆರು ತಿಂಗಳಲ್ಲಿ ಬರುವಷ್ಟು ಆಮೇಲೆ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅಂದರೆ ಮೇ ಇಪ್ಪತ್ತರ ತನಕ.

ನಮಗೆ ಮಕ್ಕಳಿಲ್ಲ. ಹದಿನೈದು ವರ್ಷದಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ಈ ಸೆಕ್ಟರಿನ ಕನ್ನಡದವರ ಮಕ್ಕಳೆಲ್ಲ ಇಲ್ಲಿಗೆ ಬರುತ್ತಿದ್ದವು, ರತ್ನಾ ಅಕ್ಷರ ಕಲಿಸುತ್ತಿದ್ದಳು. ಈಗ ಕರಿಹಲಗೆ ಗೋಡೆಗೆ ಮುಖ ಮಾಡಿ ನಿಂತಿದೆ. ಈ ಕೈಯಲ್ಲಿ 'ಅ' ಬರೆಯುವುದಕ್ಕಾದ ದಿನ ಕರೆಯುತ್ತೇನೆ ಎಂದು ಮಕ್ಕಳ ತಾಯಂದಿರಿಗೆ ಹೇಳಿ ಕಳಿಸಿದ್ದಾಳೆ.

ನಾನು ಇಪ್ಪತ್ತೆಂಟು ವರ್ಷದಿಂದ ಬೇರಿಂಗ್ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿರುವವನು. ಅಳೆಯದೆ ಯಾವುದನ್ನೂ ಸರಿಪಡಿಸಿದವನಲ್ಲ. ಒಂದು ಬಟ್ಟಲಲ್ಲಿ ಇಪ್ಪತ್ತು ರಾಜ್ಮಾ ಕಾಳು ಇಟ್ಟೆ. ಐದು ನಿಮಿಷದಲ್ಲಿ ಬಲಗೈಯಿಂದ ಇನ್ನೊಂದು ಬಟ್ಟಲಿಗೆ ಹಾಕಬೇಕು. ಆರು ಹಾಕಿದಳು. ಇನ್ನೊಂದು ಸಲ ಎಂದೆ. ಐದು. ಇನ್ನೊಂದು ಸಲ ಎಂದೆ. ನಾಲ್ಕು. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹೊರಗೆ ಮಂಜು, ಎದುರು ಮನೆಯೂ ಕಾಣುತ್ತಿರಲಿಲ್ಲ.

14 ಜನವರಿ, ಭಾನುವಾರ

ಗೋಡೆಗೆ ಚಾರ್ಟ್ ಹಾಕಿದೆ, ಮಂಚದಿಂದ ನೇರ ಕಾಣುವ ಹಾಗೆ. ನಡುವೆ ಸರಾಸರಿಯ ಗೆರೆ, ಮೇಲೊಂದು ಕೆಳಗೊಂದು ಕೆಂಪು ಗೆರೆ. ದಿನಕ್ಕೊಂದು ಚುಕ್ಕೆ. ಕಾರ್ಖಾನೆಯಲ್ಲಿ ಚುಕ್ಕೆ ಕೆಂಪು ಗೆರೆ ದಾಟಿತೋ, ಯಂತ್ರ ನಿಲ್ಲಿಸಿ ಕಾರಣ ಹುಡುಕಬೇಕು. ದಾಟದಿದ್ದರೂ, ಸಾಲಾಗಿ ಏಳು ಚುಕ್ಕೆ ಸರಾಸರಿಯ ಒಂದೇ ಕಡೆ ಬಿದ್ದರೆ ಅದು ಆಕಸ್ಮಿಕ ಅಲ್ಲ, ಒಳಗೆ ಏನೋ ನಿಜವಾಗಿ ಬದಲಾಗಿದೆ. ಇದನ್ನೆಲ್ಲ ರತ್ನಾಳಿಗೆ ವಿವರಿಸಿದೆ. ಇಪ್ಪತ್ತೆಂಟು ವರ್ಷ ಊಟದ ಹೊತ್ತಿಗೆ ಕೇಳಿ ಕೇಳಿ ತನಗೆ ಬಾಯಿಪಾಠ ಆಗಿದೆ ಎಂದಳು. ಕೇಳಿಸಿಕೊಂಡಿದ್ದಾಳೆ ಎಂಬುದೇ ನನಗೆ ಹೊಸ ವಿಷಯ.

ಕೆಳಗಿನ ಕೆಂಪು ಗೆರೆಯನ್ನು ಐದಕ್ಕೆ ಎಳೆದಿದ್ದೇನೆ. ಒಂದು ಗುರಿ ಇದ್ದರೆ ಹುಮ್ಮಸ್ಸು ಬರುತ್ತದೆ.

23 ಜನವರಿ, ಮಂಗಳವಾರ

ನಾಲ್ಕು. ನಾಲ್ಕು. ಮೂರು. ನಾಲ್ಕು. ಎಲ್ಲವೂ ಕೆಂಪು ಗೆರೆಯ ಕೆಳಗೆ.

ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

4 ಫೆಬ್ರವರಿ, ಭಾನುವಾರ

ಇವತ್ತು ಬಟ್ಟಲು ಮುಂದಿಟ್ಟು ಗಡಿಯಾರ ನೋಡಿದೆ. ರತ್ನಾ ಎಡಗೈ ಹಾಕಿ ಇಪ್ಪತ್ತು ಕಾಳನ್ನೂ ಒಂದೇ ನಿಮಿಷದಲ್ಲಿ ಆಚೆ ಬಟ್ಟಲಿಗೆ ಸುರಿದಳು.

"ಇಪ್ಪತ್ತು ಆಯ್ತು. ಬರ್ಕೊಳ್ಳಿ," ಎಂದಳು.

ಇದು ಲೆಕ್ಕಕ್ಕೆ ಬರುವುದಿಲ್ಲ, ಬಲಗೈಯಲ್ಲಿ ಮಾಡಬೇಕು, ಇನ್ನೊಂದು ಸಲ ಎಂದೆ. ಅವಳು ಎದ್ದು ಕೋಲು ಊರಿಕೊಂಡು ಅಡುಗೆಮನೆಗೆ ಹೋದಳು. ಕಾಳನ್ನು ನಾನೇ ಎತ್ತಿಟ್ಟೆ. ಒಂದು ಕಾಳು ಮಂಚದ ಕೆಳಗೆ ಉರುಳಿತ್ತು, ಅದನ್ನು ಹುಡುಕಲು ಬಗ್ಗಿದವನಿಗೆ ಅಲ್ಲೇ ಅಳು ಬಂತು. ಮೂರು ತಿಂಗಳಲ್ಲಿ ಇದೇ ಮೊದಲು. ಮಂಚದ ಕೆಳಗಾದ್ದರಿಂದ ಯಾರಿಗೂ ಕಾಣಲಿಲ್ಲ.

ಈ ಕೈ ಹೀಗೇ ಉಳಿದುಬಿಡುತ್ತದೆ ಎಂದು ನನಗೆ ಭಯ. ಬರೆದರೆ ಕಡಿಮೆಯಾದೀತು ಅಂದುಕೊಂಡಿದ್ದೆ, ಆಗಲಿಲ್ಲ.

11 ಫೆಬ್ರವರಿ, ಭಾನುವಾರ

ಹಂಸಿನಿ ಬಂದಿದ್ದಳು. ರತ್ನಾಳ ಅಣ್ಣ ಸೋಮಶೇಖರನ ಮಗಳು. ದೆಹಲಿಯ ಮುನಿರ್ಕಾದಲ್ಲಿ ರೂಮು ಮಾಡಿಕೊಂಡು, ಮಿದುಳಿನ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಬದರ್ಪುರದಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಎರಡೂವರೆ ಗಂಟೆ ಆಯಿತಂತೆ.

ಅವಳ ಬ್ಯಾಗಿನಲ್ಲಿ ಮಿದುಳಿನ ಬಣ್ಣದ ಚಿತ್ರಗಳಿದ್ದವು. ಬೂದು ಬಣ್ಣದ ನಡುವೆ ಅಲ್ಲಲ್ಲಿ ಕೆಂಪು. ಇಷ್ಟು ಕೆಂಪಿದ್ದರೆ ಈ ಮನುಷ್ಯನ ಗತಿ ಏನು ಎಂದೆ. ಅವಳು ನಕ್ಕಳು. ಅದರಲ್ಲಿ ಕೆಂಪು ಎಂದರೆ ಆ ಜಾಗ ಚುರುಕಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥವಂತೆ. ನನ್ನ ಕೆಂಪು ಬೇರೆ, ಅವಳ ಕೆಂಪು ಬೇರೆ.

ಬಳಸದ ಕೈಯನ್ನು ಮಿದುಳು ಮೆಲ್ಲಗೆ ಮರೆಯುತ್ತಾ ಹೋಗುತ್ತದೆ ಎಂದಳು. ಇನ್ನೊಂದು ಸಂಗತಿ ಹೇಳಿದಳು: ಕೈ ಚಾಚುವ ಮುಂಚೆಯೇ ಮಿದುಳು ಒಂದು ಅಂದಾಜು ಕಟ್ಟಿಕೊಂಡಿರುತ್ತದೆ. ಅಂದಾಜಿಗಿಂತ ಒಂದು ಚೂರು ಚೆನ್ನಾಗಿ ಆಯಿತೋ, ಅದಕ್ಕೆ ಖುಷಿ, ಮತ್ತೆ ಮಾಡೋಣ ಅನ್ನುತ್ತದೆ. ದಿನಾ ಸೋಲುವ ಅಂದಾಜು, ದಿನಾ ಸೋಲು ಎಂದಾದರೆ ಅಂಗಡಿ ಮುಚ್ಚುತ್ತದೆ. ಅದಕ್ಕೆ ಕೈ ಚಾಚಲು ಒಂದು ಕಾರಣ ಬೇಕು, ವ್ಯಾಯಾಮ ಆಮೇಲೆ. ಹಾಗಾದರೆ ಆ ಕಾರಣವನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ, ಹೇಳು, ತರುತ್ತೇನೆ ಎಂದೆ.

ಆಗ ಅವಳು ಗೋಡೆ ನೋಡಿದಳು. ರತ್ನಾ ಒಳಗೆ ಮಲಗಿದ್ದಳು.

"ಮಾಮ, ಈ ಚಾರ್ಟ್ ಯಾರು ನೋಡ್ಲಿ ಅಂತ ಹಾಕಿದೀರಿ?"

ನಿಮ್ಮ ಅತ್ತೆಯೇ ನೋಡಲಿ ಎಂದು, ಎಂದೆ.

"ಅತ್ತೆಗೆ ಏನು ಕಾಣುತ್ತೆ ಹೇಳಿ? ನಾಲ್ಕು ವಾರದಿಂದ ನನ್ನ ಗಂಡ ನನ್ನನ್ನ ರಿಜೆಕ್ಟ್ ಡಬ್ಬಿಗೆ ಹಾಕ್ತಿದಾರೆ ಅಂತ ಕಾಣುತ್ತೆ."

ಇಪ್ಪತ್ತೈದು ವರ್ಷದ ಹುಡುಗಿ. ನಾನು ಚಾರ್ಟ್ ಬರೆಯಲು ಕಲಿತಾಗ ಇವಳು ಹುಟ್ಟಿರಲಿಲ್ಲ. ಚಹಾ ಮಾಡುತ್ತೇನೆಂದು ಎದ್ದೆ.

13 ಫೆಬ್ರವರಿ, ಮಂಗಳವಾರ

ಚಾರ್ಟ್ ತೆಗೆದೆ. ಅವಳ ಮಾತು ಒಪ್ಪಿದೆ ಎಂದಲ್ಲ, ಆ ಗೋಡೆ ಸುಣ್ಣ ಬಿಡುತ್ತಿತ್ತು. ಅಳತೆ ನಿಲ್ಲಿಸಿಲ್ಲ. ಇನ್ನು ಮೇಲೆ ಗ್ರಾಫ್ ಪುಸ್ತಕದಲ್ಲೇ ಬರೆಯುತ್ತೇನೆ. ಕೆಂಪು ಪೆನ್ನು ಎಲ್ಲಿಯೂ ಕಾಣುತ್ತಿಲ್ಲ, ಕಾರ್ಖಾನೆಯಲ್ಲಿ ಬಿಟ್ಟಿರಬೇಕು.

ಆರು ಕಾಳು.

2 ಮಾರ್ಚ್, ಶುಕ್ರವಾರ

ಒಂದು ಸೋಜಿಗ ಸಿಕ್ಕಿದೆ. ಎರಡು ವಾರದ ಚುಕ್ಕೆಗಳನ್ನು ವಾರದ ದಿನಗಳ ಪ್ರಕಾರ ಮತ್ತೆ ಜೋಡಿಸಿ ಬರೆದೆ. ಉಳಿದ ದಿನ ಆರು, ಏಳು. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಒಂಬತ್ತು, ಹತ್ತು. ಇವತ್ತೂ ಹತ್ತು! ಅಂಕಿಗಳನ್ನು ಸಾಲಾಗಿ ನೋಡಿದರೆ ಇದು ಹೊಳೆಯುವುದೇ ಇಲ್ಲ, ಚಿತ್ರವಾಗಿ ಬರೆದ ಕೂಡಲೆ ಎರಡು ಗುಡ್ಡ ಎದ್ದು ನಿಂತವು.

ಕಾರಣವೂ ಸಿಕ್ಕಿತು. ಕೈಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯವರು ಬರುವುದು ಸೋಮವಾರ, ಗುರುವಾರ. ಅದರ ಫಲ ಮಾರನೆಯ ದಿನ ಕಾಣುತ್ತಿದೆ. ಅವರಿಗೆ ಫೋನ್ ಮಾಡಿ ತಿಳಿಸಿದೆ, ತುಂಬಾ ಸಂತೋಷಪಟ್ಟರು. ರತ್ನಾಳಿಗೂ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಹೌದಾ," ಎಂದಳು. ಅಷ್ಟೇ.

9 ಮಾರ್ಚ್, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಕಾರ್ಖಾನೆಯಲ್ಲಿ ಕರೆಂಟು ಹೋಗಿ ಜನರೇಟರೂ ಕೈಕೊಟ್ಟಿತು. ಹನ್ನೊಂದಕ್ಕೆಲ್ಲ ಮನೆಗೆ ಹೊರಟೆ. ನಮ್ಮ ಗಲ್ಲಿಯ ತಿರುವಿನಲ್ಲಿ ತರಕಾರಿ ಗಾಡಿ ನಿಂತಿತ್ತು. ಆ ಭಯ್ಯಾ ನಮ್ಮ ಗಲ್ಲಿಗೆ ಬರುವುದು ವಾರದಲ್ಲಿ ಎರಡೇ ದಿನ, ಉಳಿದ ದಿನ ಆಚೆ ಸೆಕ್ಟರಿಗೆ ಹೋಗುತ್ತಾನೆ. ನೋಡಿದರೆ ಎರಡನೇ ಮಹಡಿಯ ನಮ್ಮ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯುತ್ತಿದೆ.

ಮೊದಲೆಲ್ಲ ರತ್ನಾ ತರಕಾರಿ ಕೊಳ್ಳುತ್ತಿದ್ದುದು ಹಾಗೆಯೇ. ಈ ಕಡೆ ಎಲ್ಲರೂ ಹಾಗೆಯೇ ಕೊಳ್ಳುತ್ತಾರೆ. ಲಕ್ವ ಆದ ಮೇಲೆ ಬಾಲ್ಕನಿಗೆ ಹೋಗಕೂಡದು ಎಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಬಿದ್ದರೆ? ಈಗ ನೋಡಿದರೆ ಸೆರಗು ಸಿಕ್ಕಿಸಿಕೊಂಡು ಅವಳು ಕಟಕಟೆಗೆ ಒರಗಿ ನಿಂತಿದ್ದಾಳೆ. ಹಿಂದೆ ಪಕ್ಕದ ಮನೆಯ ಇಂದಿರಾಜಿ ಅವಳ ಸೊಂಟ ಹಿಡಿದಿದ್ದಾರೆ. ನಾನಿಲ್ಲದಾಗ ನೋಡಿಕೊಳ್ಳಿ ಎಂದು ನಂಬಿ ಒಪ್ಪಿಸಿದ ಹೆಂಗಸು.

ಕೂಗಬೇಕೆಂದು ಬಾಯಿ ತೆರೆದೆ. ಗಾಬರಿಯಾಗಿ ಕೈ ಬಿಟ್ಟಾಳೆಂದು ತಡೆದು, ಬೇವಿನ ಮರದ ಕೆಳಗೆ ನಿಂತೆ.

ಬುಟ್ಟಿ ಟೊಮೇಟೊ ತುಂಬಿಕೊಂಡು ಮೇಲೆ ಹೋಯಿತು. ಹೋಗಿದ್ದು ತಿರುಗಿ ಇಳಿಯಿತು. ಮೂರು ಕೊಳೆತಿವೆ, ಕಣ್ಣಿಗೆ ಮಣ್ಣೆರಚಬೇಡ ಎಂದು ಮೇಲಿನಿಂದ ಹಿಂದಿಯಲ್ಲಿ ಬೈಗುಳ, ನಿಧಾನವಾಗಿ, ಒಂದೊಂದೇ ಮಾತು. ಅವನು ನಗುತ್ತ ಬದಲಿಸಿಕೊಟ್ಟ. ಮತ್ತೆ ಎಳೆದಳು. ಇನ್ನೂ ಒಂದು ಕೊಳೆತಿದೆ ಎಂದಳು. ಮತ್ತೆ ಇಳಿಯಿತು, ಮತ್ತೆ ಎಳೆದಳು. ಎಡಗೈ ಹಿಡಿದು ಎಳೆಯುತ್ತದೆ, ಬಲಗೈ ಬಂದು ಹಗ್ಗಕ್ಕೆ ಸುತ್ತಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಸುತ್ತಿಕೊಳ್ಳುತ್ತದೆ. ಆ ಬೆರಳುಗಳು ಇಷ್ಟು ಬಿಗಿಯಾಗಿ ಮಡಚಿಕೊಳ್ಳುವುದನ್ನು ನಾನು ನಾಲ್ಕು ತಿಂಗಳಲ್ಲಿ ನೋಡಿರಲಿಲ್ಲ. ಮೂರು ಸಲ ಎಳೆದಳು. ಇನ್ನೊಂದು ಸಲ ಎಂದು ಯಾರೂ ಹೇಳಿರಲಿಲ್ಲ.

ಮಂಗಳವಾರ, ಶುಕ್ರವಾರ. ಫಿಸಿಯೋಥೆರಪಿಯವರೂ ಅಲ್ಲ, ನಾನೂ ಅಲ್ಲ. ಕೊಳೆತ ಟೊಮೇಟೊ.

ಕಣ್ಣು ಒರೆಸಿಕೊಂಡು ಪಾರ್ಕಿನ ಸುತ್ತ ಅಲೆದು, ಪ್ರತಿದಿನದ ಹಾಗೆ ನಾಲ್ಕು ಗಂಟೆಗೆ ಮನೆಗೆ ಹೋದೆ. ಏನೂ ಕೇಳಲಿಲ್ಲ. ಸಂಜೆ ಟೊಮೇಟೊ ಸಾರು ಮಾಡಿದೆ. ರಾಜ್ಮಾ ಬಟ್ಟಲು ತೆಗೆಯಲು ಮನಸ್ಸಾಗಲಿಲ್ಲ.

10 ಮಾರ್ಚ್, ಶನಿವಾರ

ಬುಟ್ಟಿಯ ಹಗ್ಗ ಜೂಲು ಬಿಟ್ಟಿತ್ತು. ಒಳ್ಳೆಯ ನೂಲಿನ ಹಗ್ಗ ತಂದು ಗೇಣಿಗೊಂದರಂತೆ ಗಂಟು ಹಾಕಿ ಕಟ್ಟಿದೆ. ಗಂಟಿದ್ದರೆ ಕೈ ಜಾರುವುದಿಲ್ಲ. ಒಳಗೆ ಜಾಗ ಸಾಲದೆಂದು ಕೈಯಿರುವ ಕುರ್ಚಿಯನ್ನು ಬಾಲ್ಕನಿಗೆ ಸಾಗಿಸಿದೆ. ರತ್ನಾ ಹಗ್ಗ ನೋಡಿದಳು, ನನ್ನನ್ನು ನೋಡಿದಳು, ಉಪ್ಪಿಟ್ಟು ತಿಂದಳು.

28 ಮಾರ್ಚ್, ಬುಧವಾರ

ಹದಿನೆಂಟು ದಿನ ಬರೆದೇ ಇಲ್ಲ. ಸಮಯವೇ ಸಿಗುವುದಿಲ್ಲ. ಕಾರ್ಖಾನೆಯಿಂದ ಬಂದವನು ಅಡುಗೆಮನೆ ಸೇರಿದರೆ ಮುಗಿಯಿತು. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಾಳೆ, ನಾನು ಮಾಡುತ್ತೇನೆ. ನಿನ್ನೆ ಹುಳಿಗೆ ಎರಡು ಸಲ ಉಪ್ಪು ಹಾಕಿದೆ. ಅಳತೆಯವರು ಅಳತೆಯವರು ಎಂದು ಇಪ್ಪತ್ತೆಂಟು ವರ್ಷ ನಂಬಿದ್ದೆನಲ್ಲ ಎಂದು ಅವಳು ನಕ್ಕಳು. ನಗುವಾಗ ಬಾಯಿ ಸ್ವಲ್ಪ ಸೊಟ್ಟ ಆಗುತ್ತದೆ. ನಾನೂ ನಕ್ಕೆ. ಕೊನೆಗೆ ಹುಳಿಗೆ ಒಂದು ಚೊಂಬು ನೀರು ಸುರಿದು ಉಂಡೆವು.

ಗ್ರಾಫ್ ಪುಸ್ತಕದಲ್ಲಿ ಒಂಬತ್ತು ದಿನದ ಚುಕ್ಕೆ ಇಲ್ಲ. ಬೇರೆ ಯಾರಾದರೂ ಹೀಗೆ ಬಿಟ್ಟಿದ್ದರೆ ಮೆಮೊ ಕೊಡುತ್ತಿದ್ದೆ.

ಭಾಯಿ ಸಾಹೇಬರು ಬದಲಾಗಿದ್ದಾರೆ ಎಂದು ಇಂದಿರಾಜಿ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು. ಐವತ್ತೈದರ ವಯಸ್ಸಿನಲ್ಲಿ ಬದಲಾಗುವುದೇನಿದೆ? ಹೊಗಳಿದರೆ ಹಗ್ಗದ ವಿಷಯ ಕೇಳಲಾರೆ ಎಂದುಕೊಂಡಿರಬೇಕು.

17 ಏಪ್ರಿಲ್, ಮಂಗಳವಾರ

ಬಿಸಿಲು ಶುರುವಾಯಿತು. ಮಧ್ಯಾಹ್ನ ಕಾರ್ಖಾನೆಯಿಂದ ಫೋನ್ ಮಾಡಿ ಇವತ್ತು ಏನು ತರಕಾರಿ ಎಂದೆ. ಟಿಂಡಾ ಅಂದಳು. ನನಗೆ ಟಿಂಡಾ ಕಂಡರಾಗುವುದಿಲ್ಲ ಎಂದು ಗೊತ್ತಿದ್ದೂ ಕೊಂಡಿದ್ದಾಳೆ. ತಿಂದೆ.

6 ಮೇ, ಭಾನುವಾರ

ಬೆಳಗ್ಗೆಯಿಂದ ಕರೆಂಟಿಲ್ಲ. ಇಬ್ಬರೂ ಬಾಲ್ಕನಿಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದೆವು. ಹತ್ತು ಗಂಟೆಯಾಗಿತ್ತು. ಹಿಂದೆ ಇದು ಮಕ್ಕಳು ಬರುವ ಹೊತ್ತು. ಅವಳು ಕೆಳಗೆ ಗಲ್ಲಿಯನ್ನೇ ನೋಡುತ್ತಿದ್ದಳು.

"ರೀ, ಇಪ್ಪತ್ತನೇ ತಾರೀಕಿಗೂ ಈ ಕೈ ಪೂರ್ತಿ ಬರ್ದೇ ಇದ್ರೆ?"

ಆ ದಿನಾಂಕ ಅವಳೂ ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಂದೇ ಬರುತ್ತದೆ ಎನ್ನಲು ಹೋದೆ. ಬಾಯಿಗೆ ಬರಲಿಲ್ಲ, ಏಕೆಂದರೆ ನನಗೆ ಗೊತ್ತಿಲ್ಲ.

"ಬರ್ದೇ ಇದ್ರೆ ಬುಟ್ಟಿ ನಾನು ಎಳೀತೀನಿ, ಜಗಳ ನೀನು ಆಡು," ಎಂದೆ.

ಹೇಳಿದ ಮೇಲೆ ನೆನಪಾಯಿತು, ಬುಟ್ಟಿಯ ವಿಷಯ ನನಗೆ ಗೊತ್ತಿರುವುದನ್ನು ಇಷ್ಟು ದಿನ ಬಾಯಿಬಿಟ್ಟಿರಲಿಲ್ಲ ಎಂದು. ಅವಳೇನೂ ಬೆಚ್ಚಲಿಲ್ಲ. ನನ್ನ ಕೈಯಿಂದ ಬೀಸಣಿಗೆ ತೆಗೆದುಕೊಂಡು ನನಗೇ ಗಾಳಿ ಹಾಕಿದಳು. ಯಾವ ಕೈಯಲ್ಲಿ ಎಂದು ನಾನು ನೋಡಲಿಲ್ಲ.

20 ಮೇ, ಭಾನುವಾರ

ಆರು ತಿಂಗಳು ಇವತ್ತಿಗೆ ತುಂಬಿತು. ಡಾಕ್ಟರು ಹೇಳಿದ ಗಡುವು. ಒಂದು ಕೊನೆಯ ಅಳತೆ ಬೇಡವೆ ಎಂದು ರತ್ನಾಳನ್ನೇ ಕೇಳಿದೆ. ಆಗಲಿ ಎಂದಳು. ಹದಿಮೂರು ಕಾಳು. ಇಪ್ಪತ್ತಾಗಿಲ್ಲ. ಆಮೇಲೆ ಅವಳು ಆ ರಾಜ್ಮಾವನ್ನು ನೆನೆಹಾಕಿ, ಜನವರಿಯಿಂದ ಹುಳು ಬೀಳದೆ ಉಳಿದದ್ದೇ ಹೆಚ್ಚು ಎಂದಳು.

ಹದಿಮೂರನ್ನು ಹೊಸ ಹಾಳೆಯಲ್ಲಿ ಬರೆಯೋಣವೆಂದು ಗ್ರಾಫ್ ಪುಸ್ತಕದ ಹಿಂಬದಿ ತೆರೆದೆ. ಕೊನೆಯ ಹಾಳೆ ಖಾಲಿ ಇರಲಿಲ್ಲ.

ಮೇಲೆ ಒಂದನೇ ತರಗತಿಯ ಮಗು ಬರೆದಂಥ ದಪ್ಪ, ಸೊಟ್ಟ ಅಕ್ಷರ. 'ದತ್ತಾತ್ರೇಯ' ಎಂದು ನನ್ನ ಹೆಸರು, ಅದರ ಕೆಳಗೆ 'ಇನ್ನೊಂದು ಸಲ'. ಅಡ್ಡಕ್ಕೆ ದಿನಾಂಕ, ಫೆಬ್ರವರಿ ಐದರಿಂದ, ಎಂದರೆ ಅವಳು ಎಡಗೈಯಲ್ಲಿ ಕಾಳು ಸುರಿದ ಮಾರನೆಯ ದಿನದಿಂದ. ಉದ್ದಕ್ಕೆ ಎಷ್ಟು ಸಲ ಎಂಬ ಲೆಕ್ಕ. ಹತ್ತಕ್ಕೆ ಪೆನ್ಸಿಲಿನಲ್ಲಿ ಸರಾಸರಿ, ಇಪ್ಪತ್ತಕ್ಕೆ ಕೆಂಪು ಗೆರೆ. ನನ್ನ ಕಳೆದುಹೋದ ಪೆನ್ನಿನದು. ಮಿತಿಯ ಗೆರೆಯನ್ನು ಹೀಗೆ ಅಂದಾಜಿನಲ್ಲಿ ಎಳೆಯಬಾರದು, ಅದಕ್ಕೊಂದು ಸೂತ್ರವಿದೆ. ಆದರೂ ಓದಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ದಿನವೆಲ್ಲ ಇಂಥದ್ದನ್ನೇ ಓದುವವನು ನಾನು.

ಮೊದಲ ದಿನ ಇಪ್ಪತ್ತಮೂರು. ಇಪ್ಪತ್ತನಾಲ್ಕು. ಇಪ್ಪತ್ತೊಂದು. ಕೆಂಪು ಗೆರೆಯ ಮೇಲೆ. ದಿನಕ್ಕೆ ಇಪ್ಪತ್ತಮೂರು ಸಲ ಅಂದಿದ್ದೆನೇ? ಚುಕ್ಕೆಗಳು ಫೆಬ್ರವರಿ ಪೂರ್ತಿ ಮೆಲ್ಲಗೆ ಇಳಿದು, ಮಾರ್ಚ್ ಒಂಬತ್ತಕ್ಕೆ ಧೊಪ್ಪನೆ ಸೊನ್ನೆಗೆ ಬಿದ್ದಿದ್ದವು. ಆಮೇಲೆ ಒಂದೂ ಸರಾಸರಿ ದಾಟಿರಲಿಲ್ಲ.

ಇನ್ನೊಂದು ಸಂಗತಿ ಆಮೇಲೆ ಕಂಡಿತು. ಮೊದಮೊದಲ ಚುಕ್ಕೆಗಳು ಚುಕ್ಕೆಗಳೇ ಅಲ್ಲ, ಹರಡಿದ ಶಾಯಿ, ಎರಡು ಮನೆ ದಾಟಿದ ಗೀಚು. ಹೋಗುತ್ತ ಹೋಗುತ್ತ ಸಣ್ಣದಾಗಿ, ಈ ವಾರದವು ಗೆರೆಗಳು ಕೂಡುವ ಜಾಗದಲ್ಲಿ ಸರಿಯಾಗಿ ಕೂತಿವೆ. ಎಡಗೈಯಲ್ಲಿ ಇಟ್ಟಿದ್ದರೆ ಮೊದಲ ದಿನವೇ ಹೀಗೆ ಸರಿಯಾಗಿ ಕೂರುತ್ತಿದ್ದವು. ನಾನು ಕಾಳು ಎಣಿಸುತ್ತಿದ್ದಾಗ ಅವಳ ಕೈ ಇಲ್ಲಿ ಕಲಿಯುತ್ತಿತ್ತು.

ತಲೆಯೆತ್ತಿದರೆ ಬಾಗಿಲಲ್ಲಿ ನಿಂತಿದ್ದಳು. ಕೋಲಿರಲಿಲ್ಲ.

"ಅವತ್ತು ಬೇವಿನ ಮರದ ಕೆಳಗೆ ನಿಂತು ನೋಡಿ, ಕೂಗದೆ ಹೋದ್ರಲ್ಲ. ಅವತ್ತು ಸೊನ್ನೆ."

ಮೇಲಿನಿಂದ ನನ್ನನ್ನು ನೋಡಿದ್ದಳು. ನೋಡಿಯೇ ಆ ಮೂರನೇ ಸಲ ಬುಟ್ಟಿ ಇಳಿಸಿದ್ದಳಂತೆ. ಟೊಮೇಟೊ ಎರಡನೇ ಸಲವೇ ಸರಿಯಾಗಿತ್ತಂತೆ.

"ಏಳು ಚುಕ್ಕೆ ಒಂದೇ ಕಡೆ ಬಿದ್ರೆ ಒಳಗೆ ಏನೋ ನಿಜವಾಗಿ ಬದಲಾಗಿದೆ ಅಂತ ತಾನೆ ನೀವು ಹೇಳೋದು? ಎಣಿಸಿ."

ಎಣಿಸಿದೆ. ಎಪ್ಪತ್ತೆರಡು.

ಕರಿಹಲಗೆ ಈಚೆ ತಿರುಗಿಸಿ ಇಡಿ, ಮುಂದಿನ ಭಾನುವಾರಕ್ಕೆ ಮಕ್ಕಳಿಗೆ ಹೇಳಿ ಕಳಿಸಿದ್ದೇನೆ ಎಂದಳು. ತಿರುಗಿಸಿದೆ. ಅವಳು ಸೀಮೆಸುಣ್ಣ ತೆಗೆದುಕೊಂಡು ಬಲಗೈಯಲ್ಲಿ 'ಅ' ಬರೆದಳು. ಸುಳಿ ಸ್ವಲ್ಪ ಅದುರಿತು, ಬಾಲ ಕೆಳಗೆ ಜಾರಿತು, ಆದರೂ ಯಾವ ಮಗು ನೋಡಿದರೂ 'ಅ' ಎಂದೇ ಓದುತ್ತದೆ. ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು, "ಇನ್ನೊಂದು ಸಲ ಬರಿ, ನೋಡ್ತೀನಿ," ಎಂದೆ.

ಅವಳು ಸೀಮೆಸುಣ್ಣ ಕೆಳಗಿಟ್ಟು, ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು, ಗ್ರಾಫ್ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಇವತ್ತಿನ ಚುಕ್ಕೆಯನ್ನು ಒಂದರ ಗೆರೆಯ ಮೇಲೆ ಸರಿಯಾಗಿ ಇಟ್ಟಳು.